ತುಟಿಗೆ ತಕ್ಕಂತೆ

ಬರ್ನಿ ಟಕರ್ಮನ್ ತೀರಿಕೊಂಡದ್ದು ನನಗೆ ಗೊತ್ತಾದದ್ದು
ಅಂಧೇರಿ ಸ್ಟೇಷನ್ನಿನ ಮೆಟ್ಟಿಲ ಮೇಲೆ,
ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಬಂಗುಡೆಯ ಚೀಲ.
ಫೋನು ಸ್ಟುಡಿಯೋದ ಪರ್ವೇಜನದು:
"ಸಾಲಿಯಾನ್ ಸಾಬ್, ಆಪ್ ಗುಜರ್ ಗಯೇ."
ನಕ್ಕೆ. ಅವನ ನಗುವನ್ನೇ ನಕ್ಕೆ.
ಅಭ್ಯಾಸ.

ಇಪ್ಪತ್ತೊಂಬತ್ತು ವರ್ಷ ಆ ಬಾಯಿಗೆ ಹಿಂದಿ ತುಂಬಿದ್ದೇನೆ,
ಸಾಲಿಗೆ ಇಷ್ಟು ಅಂತ ದರ.
ನಾನೊಬ್ಬನಿದ್ದೇನೆಂದು ಅವನಿಗೆ ಗೊತ್ತೇ ಇರಲಿಲ್ಲ.
ನನಗೋ ಅವನ ಕೊಳಾಯಿ ರಿಪೇರಿಯ ಅಪ್ಪ,
ಮೂರು ಮದುವೆ, ಎರಡು ನಾಯಿ,
ಒಹಾಯೋದ ಹಿಮದಲ್ಲಿ ಜಾರಿಬಿದ್ದು
ಬೀದಿಗೆ ಬೀದಿಯೇ ನಕ್ಕಾಗ
ಇದೇ ನನ್ನ ಕಸುಬು ಎಂದುಕೊಂಡ ಒಂಬತ್ತರ ಪೋರ
(ಪ್ರತಿ ಸಂದರ್ಶನದಲ್ಲೂ ಹೇಳುತ್ತಿದ್ದ, ಪ್ರತಿ ಸಲ ಬೇರೆ ಬೀದಿ),
ಆಮೇಲೆ ಟೀವಿಯಲ್ಲಿ ಹನ್ನೊಂದು ವರ್ಷ
ಬಾಗಿಲು ಬಡಿಯದೆ ಒಳಗೆ ಬರುವ ಪಕ್ಕದ ಮನೆಯವ,
ಎಲ್ಲ ಗೊತ್ತು, ಹೆಣ್ಣು ಕೊಟ್ಟ ಮನೆಯ ಸಂಗತಿಯ ಹಾಗೆ.

ನನ್ನಪ್ಪ ಗ್ರ್ಯಾಂಟ್ ರೋಡಿನ ಟಾಕೀಸಿನಲ್ಲಿ ಟಾರ್ಚು ಹಿಡಿಯುತ್ತಿದ್ದ.
ತೆರೆಗೆ ಬೆನ್ನು, ಜನಕ್ಕೆ ಮುಖ.
ಮೂವತ್ತು ವರ್ಷದಲ್ಲಿ ಒಂದು ಚಿತ್ರವನ್ನೂ ಪೂರ್ತಿ ನೋಡಿದವನಲ್ಲ,
ನೋಡಿದ್ದೆಲ್ಲ ಹಲ್ಲು.
ನಗು ಮೊದಲು ಹುಟ್ಟುವುದು ಮುಂದಿನ ಹತ್ತಾಣೆ ಬೆಂಚಿನಲ್ಲಂತೆ,
ಬಾಲ್ಕನಿಗೆ ಹತ್ತಲು ಅದಕ್ಕೆ ಮೆಟ್ಟಿಲು ಬೇಕಂತೆ.
ಜನ ನಗುವುದು ಯಾವಾಗ ಎಂದು ಕೇಳಿದರೆ
"ಬೂರುನಗ ಅತ್ತ್ ಮಗಾ, ಲಕ್ಕುನಗ" ಎನ್ನುತ್ತಿದ್ದ.
ಬಿದ್ದಾಗ ಅಲ್ಲ, ಎದ್ದು ಟೋಪಿ ಹುಡುಕುತ್ತಾನಲ್ಲ, ಆಗ.

ಹಗಲು ಬಂದರಿನ ಗುಮಾಸ್ತಿಕೆ, ಸಂಜೆ ಕೋಟೆಯ ರಾತ್ರಿಶಾಲೆ,
ಅಲ್ಲಿನ ನಾಟಕದಲ್ಲಿ ನನ್ನದು ಪರದೆಯ ಹಿಂದಿನ ಗುಡುಗು.
ಹಾಗೇ ಒಂದು ದಿನ ಈ ಗೂಡಿಗೆ ಬಂದೆ:
ಗೋಡೆಗೆ ಮೊಟ್ಟೆಯ ಟ್ರೇ, ಫ್ಯಾನಿಲ್ಲ,
ಅಂಗಿ ಕಳಚಿ ಮೈಕಿನ ಮುಂದೆ.
ಅವನು 'ಪಂಪ್ಕಿನ್' ಎಂದಾಗ ತುಟಿ ಎರಡು ಸಲ ಕೂಡುತ್ತದೆ,
'ಕದ್ದೂ' ಎಂದರೆ ಕೂಡುವುದೇ ಇಲ್ಲ.
ಒಹಾಯೋದ ಹೊಲದ ತುಂಬ ನಾನು
'ಪಪೀತಾ' ಬೆಳೆದೆ.
ಯಾವ ರೈತನೂ ಕೇಳಲಿಲ್ಲ.

ಅವನ ಮುಂದಿನ ಹಲ್ಲು ಹೋದ ವರ್ಷವೇ ನನ್ನದೂ ಹೋಯಿತು.
"ಎಂಥ ತನ್ಮಯತೆ!" ಎಂದ ಪರ್ವೇಜ್.
ನಾನು ತುಳುವಿನಲ್ಲಿ ಬೈದು, ಮರಾಠಿಯಲ್ಲಿ ಚಹಾ ತರಿಸಿ,
ಹಿಂದಿಯಲ್ಲಿ ಮಾತಾಡಿ ಮುಗಿಸಿದೆ.

ಒಮ್ಮೆ ವಿರಾರ್ ಲೋಕಲ್ಲಿನಲ್ಲಿ
ಒಬ್ಬ ಹುಡುಗ ಗೆಳೆಯನಿಗೆ ನನ್ನ ಸಾಲು ಹೇಳಿ ನಗಿಸುತ್ತಿದ್ದ.
ಒಂದು ಉಸಿರು ಬೇಗ ಹೇಳಿದ.
ಬಾಯಿತನಕ ಬಂತು, ತಿದ್ದೋಣವೆಂದು,
ಅಷ್ಟರಲ್ಲಿ ಭಾಯಂದರ್. ಇಳಿದೆ.

ಕೊನೆಯ ಚಿತ್ರದಲ್ಲಿ ಅವನಿಗೆ ಮಾತಿಲ್ಲ.
ಪಾರ್ಶ್ವವಾಯು ಹೊಡೆದ ಮೇಲೆ ದಯೆಗೆ ಕೊಟ್ಟ ಪಾತ್ರ:
ಊಟದ ಮೇಜಿನ ಕೊನೆಯಲ್ಲಿ ಕೂತ ತಾತ.
ಸಾಲಿಲ್ಲದ ಪಾತ್ರಕ್ಕೆ ದರವೇನು?
ಪರ್ವೇಜ್ ತಲೆ ಕೆರೆದು ಕಾಗದದಲ್ಲಿ ಬರೆದ:
ಉಸಿರು, ಹದಿನೇಳು.
ನಾಲ್ಕು ಸಾಲಿನ ದುಡ್ಡು ಕೊಡಿಸಿದ, ಪುಣ್ಯಾತ್ಮ.
ಉಸಿರಾಡಿದೆ. ಹದಿನಾಲ್ಕನೆಯದಕ್ಕೆ
ತಾತನ ಕನ್ನಡಕ ಜಾರಿ ಬಿತ್ತು,
ಸೋತ ಕೈ ಮೇಜಿನ ಮೇಲೆ ಅದನ್ನು ಹುಡುಕುತ್ತ ಹೊರಟಿತು,
ಉಪ್ಪಿನ ಡಬ್ಬಿ ಮುಟ್ಟಿತು, ಚಮಚ ಮುಟ್ಟಿತು...
ನಾನು ಉಸಿರಾಡುವುದನ್ನೇ ಮರೆತೆ.
"ಸಾಬ್, ಇನ್ನೊಮ್ಮೆ," ಎಂದಿತು ಗಾಜಿನಾಚೆಯ ದನಿ.

ರಾತ್ರಿ ಮನೆಯಲ್ಲಿ ಟೀವಿ ಅವನ ಹಳೆಯ ತುಣುಕು ತೋರಿಸಿತು,
ಇಂಗ್ಲಿಷಿನಲ್ಲಿ, ಅವನದೇ ಗಂಟಲು.
ನಾನಂದುಕೊಂಡದ್ದಕ್ಕಿಂತ ಸಪೂರ, ತುಸು ಹೆದರಿದ ದನಿ.
ಜಲಜಾಕ್ಷಿ ಅಡುಗೆಮನೆಯಿಂದ ಇಣುಕಿದಳು:
"ಇದ್ಯಾರು ಇವನ ಬಾಯಲ್ಲಿ ಮಾತಾಡುವುದು?
ಸ್ವಲ್ಪವೂ ಹೊಂದುವುದಿಲ್ಲ."
ಮತ್ತೆ ಒಳಗೆ ಹೋಗಿ
ಬಂಗುಡೆ ಮಗುಚಿ ಹಾಕಿದಳು.